ಕಾಯಶುದ್ಧಿ ಮತ್ತು ಉಪವಾಸದ ಮರ್ಮ



ದಶಲಕ್ಷಣ ಪರ್ವವು ಸಮೀಪಿಸಿದಂತೆ, ಉಪವಾಸದಿಂದ ದೇಹದ ವಿಷವೆಲ್ಲ ತೊಳೆದುಹೋಗುವುದೆಂಬ ಮಾತು ಬಸದಿಯ ಜಗಲಿಯಲ್ಲಿ ಕೇಳಿಬರುವುದುಂಟು. ಹಿಂದೆ ನಾನೂ ಹಾಗೆಯೇ ಹೇಳುತ್ತಿದ್ದೆ. ಅದರ ಫಲವನ್ನು ಮೊದಲು ನಿವೇದಿಸುತ್ತೇನೆ.

ಕೆಲವು ವರ್ಷಗಳ ಕೆಳಗೆ ಅನಂತ ಚತುರ್ದಶಿಯಂದು ನನ್ನ ತಂಗಿ ಕಾಯಿಸಿದ ನೀರನ್ನುಳಿದು ಬೇರೇನನ್ನೂ ಸ್ವೀಕರಿಸದೆ ಉಪವಾಸವಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಉಪವಾಸವೇ ಔಷಧವೆಂದು ಹುರಿದುಂಬಿಸಿದವನು ನಾನು. ಬೆಳಿಗ್ಗೆ ರೂಢಿಯಂತೆ ಮಾತ್ರೆ ನುಂಗಿದ್ದಳು. ಮಧ್ಯಾಹ್ನಕ್ಕೆ ಬೆವರು, ನಡುಕ, ಮಾತು ತೊದಲಿತು. ವ್ರತಭಂಗವಾದೀತೆಂದು ನಾನು ಹಿಂಜರಿದು ನಿಂತಿದ್ದಾಗ, ಅವಳ ಸೊಸೆ ಯಾರನ್ನೂ ಕೇಳದೆ ಸಕ್ಕರೆ ನೀರು ಕುಡಿಸಿದಳು. ತಂಗಿ ಚೇತರಿಸಿಕೊಂಡಳು, ಬಳಿಕ ವೈದ್ಯರಲ್ಲಿಗೆ ಕರೆದೊಯ್ದೆವು. ಗ್ರಂಥ ಓದಿದ ನನಗೆ ಹೊಳೆಯದ ಧರ್ಮ ಆ ಸೊಸೆಗೆ ಹೊಳೆದಿತ್ತು.

ತತ್ತ್ವಾರ್ಥಸೂತ್ರವು ಅನಶನ, ಅವಮೌದರ್ಯ, ರಸಪರಿತ್ಯಾಗ ಮೊದಲಾದ ಆರು ಬಾಹ್ಯತಪಗಳನ್ನು ಹೇಳಿದೆ. ಇವುಗಳ ಗುರಿ ಸಂವರ ಮತ್ತು ನಿರ್ಜರೆ. ಉದುರಬೇಕಾದುದು ಆತ್ಮಕ್ಕಂಟಿದ ಕರ್ಮ. ದೇಹದ ಕಶ್ಮಲವನ್ನು ಕಳೆಯಲು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳು ದುಡಿಯುತ್ತಿವೆ. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಬಹುಪಾಲನ್ನು ರಕ್ತಕ್ಕೇ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಹಾಕುತ್ತವೆ. ಅವುಗಳಿಗೆ ನಾವು ಹೊರೆಯಾಗದಿದ್ದರೆ ಸಾಕು.

ಹೊರೆಯಾಗದ ದಾರಿಗಳು ಶ್ರಾವಕಾಚಾರದಲ್ಲಿಯೇ ಇವೆ: ಸೋಸಿ ಕಾಯಿಸಿದ ನೀರು, ರಾತ್ರಿಭೋಜನ ತ್ಯಾಗ, ಹೊಟ್ಟೆ ಬಿರಿಯದಂತೆ ಉಣ್ಣುವ ಅವಮೌದರ್ಯ, ಮದ್ಯಾದಿ ವ್ಯಸನಗಳ ವರ್ಜನೆ. ಪ್ರೋಷಧೋಪವಾಸದಲ್ಲಿ ಹಿಂದಿನ ದಿನವೂ ಮರುದಿನವೂ ಒಪ್ಪೊತ್ತಿನ ಊಟ; ದೇಹವನ್ನು ಮೆಲ್ಲನೆ ಇಳಿಸಿ ಮೆಲ್ಲನೆ ಏರಿಸುವ ವಿವೇಕವೂ ಇದರಲ್ಲಿದೆ.

ಇನ್ನು ಎಚ್ಚರಿಕೆಗಳು. ಸಕ್ಕರೆ ಕಾಯಿಲೆ, ಮೂತ್ರಪಿಂಡ ಅಥವಾ ಹೃದಯದ ರೋಗವುಳ್ಳವರು, ಗರ್ಭಿಣಿಯರು, ಬಾಣಂತಿಯರು, ಕೃಶರಾದ ವೃದ್ಧರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ಮಾತ್ರೆಗಳನ್ನು ತಾವಾಗಿ ಬಿಡಲೂಬಾರದು. ಶುದ್ಧಿಯ ಹೆಸರಿನಲ್ಲಿ ಭೇದಿಯೌಷಧ ಸೇವಿಸಿದರೆ ನೀರೂ ಲವಣವೂ ನಷ್ಟವಾಗಿ ದೇಹ ಕುಸಿಯುತ್ತದೆ. ಹಲವು ದಿನಗಳ ಉಪವಾಸದ ಪಾರಣೆಯಲ್ಲಿ ಮೃಷ್ಟಾನ್ನ ಸಲ್ಲದು. ಒಮ್ಮೆಲೇ ಹೆಚ್ಚು ಉಂಡರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಾಪಾಯವೂ ಸಂಭವಿಸೀತು. ತೆಳು ಗಂಜಿ, ಹೆಸರುಬೇಳೆಯ ಕಟ್ಟು ಇವುಗಳಿಂದ ಸ್ವಲ್ಪಸ್ವಲ್ಪವಾಗಿ ಆರಂಭಿಸಬೇಕು. ದೀರ್ಘ ಉಪವಾಸದ ಪಾರಣೆಗೆ ವೈದ್ಯರ ಸಲಹೆಯೂ ಇರಲಿ. ನಡುಕ, ತೊದಲು, ಎದೆನೋವು, ಮಂಪರು ಕಂಡರೆ ತಡಮಾಡದೆ ಚಿಕಿತ್ಸೆ ಕೊಡಿಸಬೇಕು.

ಷೋಡಶಭಾವನೆಗಳಲ್ಲಿ ತಪಕ್ಕೆ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ಮೀರಿದಾಗ ಉಳಿಯುವುದು ಆರ್ತಧ್ಯಾನ. ನನ್ನ ತಂಗಿ ಈಗ ಚತುರ್ದಶಿಯಂದು ಹೊತ್ತಿಗೆ ಸರಿಯಾಗಿ ಮಿತವಾಗಿ ಉಂಡು, ತನಗೆ ಪ್ರಿಯವಾದ ತುಪ್ಪವನ್ನು ಬಿಡುತ್ತಾಳೆ. ಅದೂ ರಸಪರಿತ್ಯಾಗವೆಂಬ ತಪವೇ. ಅವಳ ವ್ರತ ಕಿರಿದೆಂದು ಯಾರೂ ಎಣಿಸದಿರಲಿ.