ಕುಂಬಿ, ಜಾಮೀನು, ಬಟವಾಡೆ

ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಚನವೇ ಉತ್ತರ ಅಂದುಕೊಳ್ಳುವವರಿದ್ದಾರೆ. ಹೊಸ ವರ್ಷದ ರಾತ್ರಿ ಸಭೆಯಲ್ಲಿ ಎತ್ತಿದ ವಾಗ್ದಾನದ ಚೀಟಿ ವರ್ಷವಿಡೀ ಧೈರ್ಯ ಕೊಡಲಿ, ಬೇಡ ಅನ್ನುವವರಾರು? ಅದನ್ನೇ ಹಿಡಿದು ಹೊಲ ಮಾರಲು ಹೊರಟರೆ ಅದು ಗಿಳಿಶಾಸ್ತ್ರ. ಗಿಳಿಯೊಂದು ಇಲ್ಲ, ಅಷ್ಟೆ.

※

ಬೈಬಲನ್ನು ಕನ್ನಡಕ್ಕೆ ತರಲು ಕೈಹಚ್ಚಿದ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡದ ಪೂರ್ತಿ ಬೈಬಲ್ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ಕನ್ನಡಕ್ಕೆ ಬರಲು ಇಪ್ಪತ್ತು ವರ್ಷ ಹಿಡಿದ ಪುಸ್ತಕದಿಂದ ಎರಡು ನಿಮಿಷದಲ್ಲಿ ಉತ್ತರ ಬೇಕು ಅನ್ನುತ್ತೇವೆ.

※

ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಒಂದು ಸಣ್ಣ ಕಟ್ಟಳೆ: ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತ ಕುಂಬಿ ಗೋಡೆ ಎತ್ತಬೇಕು; ಯಾರಾದರೂ ಬಿದ್ದು ಸತ್ತರೆ ಆ ಪಾಪ ಮನೆಯವರದು. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸುವ ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ದುಡ್ಡು ಕರಗಿದಾಗ ಮೊದಲು ಕೈಬಿಡುವುದು ಕುಂಬಿಯನ್ನೇ. ಮುಂಬಾಗಿಲ ಪಾಲಿಶ್ ಮಾತ್ರ ನಿಲ್ಲುವುದಿಲ್ಲ. "ಮೇಲಿನ ಮನೆ ಕಟ್ಟುವಾಗ ನೋಡಿದರಾಯಿತು" ಎಂದು ಕಂಬದ ಸರಳುಗಳನ್ನು ಹಾಗೇ ಬಿಟ್ಟ ಮಾಳಿಗೆ ಕೌಲ್ ಬಜಾರಿನ ಸಂದಿಯಲ್ಲೂ ಸಿಕ್ಕೀತು, ಅದರ ಮೇಲೆ ಗಾಳಿಪಟ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುವ ಹುಡುಗನೂ ಸಿಕ್ಕಾನು. ಇಲ್ಲಿ ಉಪವಾಸ ಪ್ರಾರ್ಥನೆ ಬೇಡ. ಮೇಸ್ತ್ರಿಗೆ "ಎದೆಮಟ್ಟ ಎತ್ತಪ್ಪಾ" ಅಂದರೆ ಆಯಿತು.

※

ಬಹಳಷ್ಟು ತೀರ್ಮಾನಗಳಿಗೆ ದರ್ಶನ ಬೇಕಿಲ್ಲ. ಇದರಿಂದ ಬೀಳುವವರು ಯಾರು ಎಂದು ಕೇಳಿಕೊಂಡರೆ ಸಾಕು.

※

ಪರರ ಸಾಲಕ್ಕೆ ಜಾಮೀನು ನಿಂತರೆ ಮಲಗುವ ಹಾಸಿಗೆಯೂ ಹೋದೀತು ಎಂದು ಜ್ಞಾನೋಕ್ತಿಗಳು ಎಚ್ಚರಿಸುತ್ತವೆ. ಬಡವನಿಗೆ ಕೊಟ್ಟದ್ದು ದೇವರಿಗೇ ಕೊಟ್ಟ ಸಾಲ ಅನ್ನುವುದೂ ಅದೇ ಪುಸ್ತಕ. ಭಾವಮೈದುನ ಟ್ರ್ಯಾಕ್ಟರ್ ಸಾಲದ ಕಾಗದ ಹಿಡಿದು ಬಂದಾಗ ಎರಡನ್ನೂ ಕೂಡಿಸಿ ಓದಬೇಕು: ಕೈಲಾದಷ್ಟು ಕೊಡು, ಸಹಿ ಹಾಕಬೇಡ. ಕೊಟ್ಟ ದುಡ್ಡಿಗೆ ಮಿತಿಯುಂಟು, ಸಹಿಗಿಲ್ಲ.

※

ಮೂರ್ಖನಿಗೆ ಎದುರುತ್ತರ ಬೇಡ ಎಂಬ ಮಾತಿನ ಬೆನ್ನಿಗೇ ಕೊಡು ಎಂಬ ಮಾತೂ ಇದೆ, ಜ್ಞಾನೋಕ್ತಿಗಳ 26ನೇ ಅಧ್ಯಾಯದಲ್ಲಿ. ಮನೆಮಂದಿಯ ವಾಟ್ಸಾಪ್ ಗುಂಪಿಗೆ ಯಾವುದು ಸರಿ ಎಂಬುದನ್ನು ನಮಗೇ ಬಿಟ್ಟಂತಿದೆ.

※

ಅಣ್ಣನಿಂದ ಪಾಲು ಕೊಡಿಸು ಎಂದು ಒಬ್ಬ ಬಂದಾಗ ಯೇಸು ಆ ಪಂಚಾಯಿತಿಗೆ ಕೂರಲೇ ಇಲ್ಲ. ದೊಡ್ಡ ಕಣಜ ಕಟ್ಟಲು ಹೊರಟು ಅದೇ ರಾತ್ರಿ ಸತ್ತ ಸಾಹುಕಾರನ ಕಥೆ ಹೇಳಿದ. ಕುರುಗೋಡಿನ ಕಡೆ ಪಹಣಿ ಮುಂದಿಟ್ಟುಕೊಂಡು ಮೆಣಸಿನಕಾಯಿ ಹೊಲ ಪಾಲು ಮಾಡಿಕೊಳ್ಳುವವರಿಗೆ ಗಡಿ ತೋರಿಸಲು ಸರ್ವೇಯರ್ ಇದ್ದಾನೆ. "ತಮ್ಮಾ, ಬೋರಿರೋ ಕಡೆ ನೀನೇ ಇಟ್ಕೋ" ಅನ್ನಿಸುವುದಕ್ಕೆ ಆ ಕಥೆ ಬೇಕು.

※

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಡ್ಯಾಮು ನೋಡಿ ಎರಡನೇ ಬೆಳೆಯ ಲೆಕ್ಕ ಹಾಕಿದವರ ಎದೆ ಧಸಕ್ಕೆಂದಿತು. ನಾಳೆ ಇಂಥ ಊರಿಗೆ ಹೋಗಿ ಇಷ್ಟು ಲಾಭ ಗಳಿಸುತ್ತೇವೆ ಅನ್ನುವವರನ್ನು ಯಾಕೋಬ ತನ್ನ ಪತ್ರದಲ್ಲಿ ಗದರುತ್ತಾನೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಲಿ ಅಂದವನು ಯೇಸು. ಬಡ್ಡಿಗೆ ದುಡ್ಡು ತಂದು, ಕಾಲುವೆ ನೀರು ನಂಬಿ ಗದ್ದೆ ಗುತ್ತಿಗೆ ಹಿಡಿಯುವ ಸಿರುಗುಪ್ಪದ ರೈತನಿಗೆ ಇಬ್ಬರ ಮಾತೂ ಬೇಕು. ಲೆಕ್ಕದಲ್ಲಿ ಬಾರದ ನೀರಿಗೂ ಒಂದು ಸಾಲು ಇರಲಿ.

※

ಕೂಲಿಯವನ ಕೂಲಿ ಹೊತ್ತು ಮುಳುಗುವುದರೊಳಗೆ ಅವನ ಕೈಸೇರಬೇಕು ಎಂಬುದೂ ಧರ್ಮೋಪದೇಶಕಾಂಡದ ಕಟ್ಟಳೆಯೇ. ಜೀನ್ಸ್ ಹೊಲಿದವರ ಬಟವಾಡೆಯನ್ನು ಮುಂದಿನ ವಾರಕ್ಕೆ ತಳ್ಳಿ, ಭಾನುವಾರ ಕಾಣಿಕೆ ಚೀಲಕ್ಕೆ ನೋಟು ಹಾಕುವ ಮಾಲೀಕ ಹಾಕುತ್ತಿರುವುದು ಯಾರ ದುಡ್ಡು?

※

ಬೆಳ್ಳಂಬೆಳಗ್ಗೆ ಎದ್ದು ನೆರೆಯವನನ್ನು ಗಟ್ಟಿ ದನಿಯಲ್ಲಿ ಹರಸಿದರೆ ಅದು ಶಾಪಕ್ಕೆ ಸಮ ಎಂದೂ ಜ್ಞಾನೋಕ್ತಿಗಳಲ್ಲಿದೆ. ಮೈಕು ಬಾಡಿಗೆಗೆ ತರುವ ಮುನ್ನ ಎಲ್ಲ ಮತದವರೂ ಓದಿಕೊಳ್ಳಬಹುದು.

※

ಹೊಲದ ಅಂಚು ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಅವು ಪರದೇಶಿಗೂ ವಿಧವೆಗೂ ಎಂಬ ಕಟ್ಟಳೆ ಇದ್ದುದರಿಂದಲೇ ಪರದೇಶಿಯೂ ವಿಧವೆಯೂ ಆಗಿದ್ದ ರೂತಳ ಮನೆಯಲ್ಲಿ ಒಲೆ ಉರಿಯಿತು. ಸಿರುಗುಪ್ಪದ ಭತ್ತದ ಗದ್ದೆಗೆ ಈಗ ಇಳಿಯುವುದು ಕೊಯ್ಲು ಮಿಷನ್. ಅದು ಅಂಚನ್ನೂ ಬಿಡದು, ತೆನೆಯನ್ನೂ ಉಳಿಸದು. ಆರಿಸುವವಳ ಪಾಲನ್ನು ಇನ್ನು ಚೀಲದಲ್ಲೇ ಎತ್ತಿಡಬೇಕು. ಎಷ್ಟು ಚೀಲ ಎಂದು ಯಾವ ಅಧ್ಯಾಯದಲ್ಲೂ ಬರೆದಿಲ್ಲ. ರೈಸ್ ಮಿಲ್ಲಿನ ಲಾರಿ ಬರುವುದರೊಳಗೆ ಗಂಡ ಹೆಂಡತಿ ಮಾತಾಡಿಕೊಳ್ಳಬೇಕು.