ಮೇಲ್ಕಟ್ಟಿನ ಸಂಸ್ಕಾರ

ಮಳೆಗಾಲವು ತಿಂಗಳುಗಟ್ಟಲೆ ನೆಲೆನಿಲ್ಲುವ ಮೆಣಸೆಯಂಥ ಊರಿನಲ್ಲಿ, ಹಳೆಯ ಕಾರಿನ ಒಳಛಾವಣಿಗೆ ಅಂಟಿಸಿದ ಬಟ್ಟೆ ಜೋತುಬಿದ್ದು ಕುಳಿತವರ ನೆತ್ತಿಗೆ ತಗಲುವುದು ಅಪೂರ್ವವಲ್ಲ. ಕೆಟ್ಟದ್ದು ಬಟ್ಟೆಯೆಂದು ನೋಡಿದವರು ಭಾವಿಸುತ್ತಾರೆ. ಯಥಾರ್ಥದಲ್ಲಿ ಬಟ್ಟೆಗೂ ಒಳಛಾವಣಿಯ ಹಲಗೆಗೂ ನಡುವೆ ಇರುವ ತೆಳುವಾದ ಸ್ಪಾಂಜು, ವರ್ಷಾನುವರ್ಷದ ಶಾಖದಿಂದಲೂ ತೇವದಿಂದಲೂ ಜೀರ್ಣವಾಗಿ ಪುಡಿಯಾಗಿರುತ್ತದೆ. ಅದರ ಮೇಲೆ ಎಷ್ಟು ಗೋಂದು ಹಚ್ಚಿದರೂ ಅದು ಹಲಗೆಯನ್ನು ಹಿಡಿಯದೆ ಪುಡಿಯನ್ನೇ ಹಿಡಿದು, ಬಟ್ಟೆ ಮರಳಿ ಜೋಲುತ್ತದೆ. ಆದುದರಿಂದ ಈ ಕಾರ್ಯವನ್ನು ಸ್ವಹಸ್ತದಿಂದ ಮಾಡಹೊರಟವರು ಹಲಗೆಯನ್ನು ಕೆಳಗಿಳಿಸಿ, ಬಟ್ಟೆಯನ್ನು ಸುಲಿದು, ಸ್ಪಾಂಜಿನ ಕಟ್ಟಕಡೆಯ ಕಣವನ್ನೂ ಬ್ರಷ್ಷಿನಿಂದ ಉಜ್ಜಿ ತೆಗೆದ ಬಳಿಕವೇ, ಮೂಗುಬಾಯಿ ಮುಚ್ಚಿಕೊಂಡು, ಬಯಲಿನಲ್ಲಿ, ಒಂದು ಪದರ ಒಣಗಿದ ಮೇಲೆ ಮತ್ತೊಂದರಂತೆ ಸ್ಪ್ರೇ ಗೋಂದಿನ ಲೇಪವನ್ನು ಕೊಡಬೇಕು. ಸಿಂಪಡಿಸುವುದು ಸ್ವಲ್ಪ ಹೊತ್ತಿನ ಕೆಲಸ. ತಾಳ್ಮೆಯನ್ನೆಲ್ಲ ಬೇಡುವುದು ಉಜ್ಜುವ ಕೆಲಸವೇ.

ಹಚ್ಚುವುದು, ಉಜ್ಜಿ ತೆಗೆಯುವುದು ಎಂಬ ಈ ಎರಡು ಬಗೆಯ ಕೆಲಸ ನನಗೆ ಶಾಂಕರಭಾಷ್ಯದ ಒಂದು ವಿಚಾರವನ್ನು ನೆನಪಿಸುತ್ತದೆ; ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಒಂದು ಆವರಣ ಇದೇ ಮೆಣಸೆಯಲ್ಲಿರುವುದರಿಂದ, ಅದನ್ನು ಇಲ್ಲಿ ಎತ್ತುವುದು ಅಸ್ಥಾನವಾಗಲಾರದು. ಬ್ರಹ್ಮಸೂತ್ರದ 1.1.4ರ ಭಾಷ್ಯದಲ್ಲಿ ಶಂಕರ ಭಗವತ್ಪಾದರು ಸಂಸ್ಕಾರವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ: ಗುಣವನ್ನು ಕೂಡಿಸುವುದು, ಇಲ್ಲವೇ ದೋಷವನ್ನು ಕಳೆಯುವುದು. ಮೋಕ್ಷಕ್ಕೆ ಇವೆರಡೂ ಸಲ್ಲವೆಂಬುದೇ ಅವರ ಸಿದ್ಧಾಂತ; ಏಕೆಂದರೆ ಬ್ರಹ್ಮವು ಯಾವ ಅತಿಶಯವನ್ನೂ ಕೂಡಿಸಲಾಗದ ಪೂರ್ಣವಸ್ತು, ಯಾವ ಮಲವನ್ನೂ ಕಳೆಯಬೇಕಿಲ್ಲದ ನಿತ್ಯಶುದ್ಧವಸ್ತು. ಕನ್ನಡಿಯನ್ನು ಉಜ್ಜಿದಾಗ ಅದರ ಕಾಂತಿ ತೋರುವಂತೆ ಆತ್ಮವೂ ಕ್ರಿಯೆಯಿಂದ ಪ್ರಕಟವಾಗಬಹುದಲ್ಲವೆ ಎಂಬ ಪೂರ್ವಪಕ್ಷವನ್ನೂ ಅವರು ಒಪ್ಪುವುದಿಲ್ಲ. ಕ್ರಿಯೆಯು ತನ್ನ ಆಶ್ರಯವನ್ನು ವಿಕಾರಗೊಳಿಸದೆ ನಡೆಯದು, ವಿಕಾರಿಯಾದರೆ ಆತ್ಮವು ಅನಿತ್ಯವಾಗಬೇಕಾಗುತ್ತದೆ.

ಹಾಗಾದರೆ ಶ್ರದ್ಧಾಳುಗಳು ಜೀವಮಾನವೆಲ್ಲ ನಡೆಸುವ ಸ್ನಾನ, ಸಂಧ್ಯೆ, ಜಪ, ಪೂಜೆಗಳು ಯಾವುದನ್ನು ಸಂಸ್ಕರಿಸುತ್ತವೆ? ಚಿತ್ತವನ್ನು ಎಂದು ವೇದಾಂತಿಗಳು ಉತ್ತರಿಸುತ್ತಾರೆ, ಆ ಉತ್ತರ ಸಾಧುವೆಂದೇ ನನ್ನ ನಿಶ್ಚಯ. ಆದರೆ ಚಿತ್ತದ ವಿಷಯದಲ್ಲಿಯೂ ನಮ್ಮ ಉತ್ಸಾಹವೆಲ್ಲ ಕೂಡಿಸುವುದರ ಕಡೆಗೇ ಹರಿಯುತ್ತದೆಂಬುದು ನನಗೆ ವ್ಯಥೆಯ ಸಂಗತಿ. ಹೊಸದೊಂದು ವ್ರತವನ್ನು ಹಿಡಿಯುವುದು ಸುಲಭ; ನೆರೆಯವನ ಏಳಿಗೆಯನ್ನು ಕಂಡು ಒಳಗೆ ಹುಟ್ಟುವ ಮಾತ್ಸರ್ಯವನ್ನು, ದಾಯಾದಿಯ ಮೇಲೆ ಸಾಕಿಕೊಂಡು ಬಂದ ದ್ವೇಷವನ್ನು ಬುಡಸಮೇತ ಕೀಳುವುದು ಯಾರೂ ಕಾಣದ, ಯಾರೂ ಹೊಗಳದ ಶ್ರಮ. ಹಲಗೆಯನ್ನಾದರೋ ಕೆಳಗಿಳಿಸಿ ಬೆಳಕಿಗೆ ಹಿಡಿದು ನೋಡಬಹುದು. ಚಿತ್ತದಲ್ಲಿ ಉಜ್ಜುವುದೂ ಚಿತ್ತವೇ, ಉಜ್ಜಿಸಿಕೊಳ್ಳುವುದೂ ಚಿತ್ತವೇ ಆಗಿರುವುದರಿಂದ, ತನ್ನಲ್ಲಿ ಉಳಿದ ಪುಡಿ ತನಗೆ ಕಾಣದೆ ಹೋಗುತ್ತದೆ. ಬ್ರಹ್ಮಜಿಜ್ಞಾಸೆಗೆ ಮುನ್ನ ಶಮದಮಾದಿಗಳನ್ನೂ, ಜಿಜ್ಞಾಸುವಿಗೆ ಗುರುಸನ್ನಿಧಿಯನ್ನೂ ಪರಂಪರೆಯು ವಿಧಿಸಿದ್ದು ಈ ಕಾರಣದಿಂದಲೇ ಎಂದು ನಾನು ತಿಳಿಯುತ್ತೇನೆ.