ಹೆಸರು ಹಿಡಿದು ವಂದಿಸಿದರು

ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಬರೀ ಹೆಸರುಗಳ ಪಟ್ಟಿಯೆಂದು ನಾವು ದಾಟಿಬಿಡುತ್ತೇವೆ. ಆದರೆ ಅಷ್ಟು ಗಹನವಾದ ಬೋಧನೆಯ ಕೊನೆಗೆ ಪೌಲರು ಒಬ್ಬೊಬ್ಬರನ್ನೇ ನೆನೆಯುತ್ತಾರೆ. ತಮಗಾಗಿ ಪ್ರಾಣವನ್ನೇ ಪಣಕ್ಕಿಟ್ಟ, ಮನೆಯಲ್ಲೇ ಸಭೆ ಸೇರಿಸುತ್ತಿದ್ದ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ. ಬಹಳವಾಗಿ ದುಡಿದ ಮರಿಯ. ತಮಗೂ ತಾಯಿಯಂತಿದ್ದ ರೂಫನ ತಾಯಿ. ಪತ್ರವನ್ನು ಬರೆದುಕೊಟ್ಟ ತೆರ್ತ್ಯನೂ ನಡುವೆ ತನ್ನದೊಂದು ವಂದನೆ ಸೇರಿಸುತ್ತಾನೆ. (ಪಾಪ, ಅವನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?)

ಬೆಳಗಿನ ಪೂಜೆಗೆ ಮುಂಚೆ ದೇವಾಲಯ ಗುಡಿಸಿದವರನ್ನು, ಹಬ್ಬದ ಊಟದ ಪಾತ್ರೆ ತೊಳೆದವರನ್ನು ನಾವು ಹೊಗಳುವುದು ಸಾಮಾನ್ಯವಾಗಿ ಅವರ ಶವಪೆಟ್ಟಿಗೆಯ ಮುಂದೆ. ಪೌಲರು ಅಲ್ಲಿಯವರೆಗೆ ಕಾಯಲಿಲ್ಲ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಗೇಟಿನತ್ತ ಅವಸರಪಡಬೇಡಿ. ಅಂಥವರೊಬ್ಬರ ಹೆಸರು ಕೇಳಿ ತಿಳಿದುಕೊಂಡು ಮಾತನಾಡಿಸಿ.